ಯಳಂದೂರಿನಲ್ಲಿ ಬಿಟ್ಟುಬಂದ ಕಪ್ಪು ಜೋಡಿ

ಸತ್ತೇಗಾಲದ ಹೊಳೆದಂಡೆಯಲ್ಲಿ ಪುಟ್ಟಸಿದ್ದಯ್ಯ ಎಂದರೆ ಸಾಕು, ಮಾತಾಡುತ್ತಿದ್ದವರು ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಅವನೇನು ಮಾಟಗಾರನಲ್ಲ, ಪುಂಡನಂತೂ ಅಲ್ಲವೇ ಅಲ್ಲ. ಹರಿಗೋಲಿನಲ್ಲಿ ಜನರನ್ನು ದಾಟಿಸುತ್ತ, ಬಲೆ ಬೀಸುತ್ತ ಬದುಕಿದ್ದ ಬೆಸ್ತರವನು. ಆದರೆ ಕಾವೇರಿಯಲ್ಲಿ ಯಾರಾದರೂ ಮುಳುಗಿಹೋದರೆ ಉಸಿರು ಕಟ್ಟಿ ತಳಕ್ಕಿಳಿದು ಹೆಣ ಎತ್ತಿಕೊಡುವವನು ಆ ಸುತ್ತಿನಲ್ಲಿ ಅವನೊಬ್ಬನೇ. ಮುಳ್ಳೂರಿನಿಂದ ಕರೆ ಬರಲಿ, ಹೊಳೆಯಾಚೆಯಿಂದ ಬರಲಿ, ಉಣ್ಣುತ್ತಿದ್ದ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಿದ್ದ. ಇಂಥವನನ್ನು ಜನ ತಲೆಯ ಮೇಲೆ ಹೊತ್ತು ಮೆರೆಸಬೇಕಿತ್ತು. ಮೆರೆಸಿದರೇ? ಮದುವೆ ಮನೆಗೆ ಕರೆಯುವುದನ್ನು ಸಲೀಸಾಗಿ ಮರೆಯುತ್ತಿದ್ದರು. ಹೆಣ ಮುಟ್ಟಿದ ಕೈಯಿಂದ ಅಕ್ಷತೆ ಬೀಳುವುದು ಬೇಡವಂತೆ. ನಾಚಿಕೆಯಾಗಬೇಕು ಅಂಥ ಜನಕ್ಕೆ. ಅವನು ಮಾತ್ರ ಅದನ್ನು ಮನಸ್ಸಿಗೆ ಹಚ್ಚಿಕೊಂಡವನಲ್ಲ.

ಅವನಿಗೆ ಕಷ್ಟವಾಗುತ್ತಿದ್ದುದು ಬೇರೆ. ಹೆಣ ದಡಕ್ಕೆ ಬಂದ ಮೇಲೆ ಸತ್ತವನ ತಾಯಿಯೋ ಹೆಂಡತಿಯೋ ಅತ್ತು ಅತ್ತು ಸೋತು, ಕೊನೆಗೆ ಅವನ ಹತ್ತಿರ ಬಂದು ಒಂದೇ ಮಾತು ಕೇಳುತ್ತಿದ್ದರು. "ಕೆಳಗೆ ಚಳಿ ಇತ್ತಾ, ಅಣ್ಣ?"

"ಇಲ್ಲ ಕಣವ್ವ, ಬೆಚ್ಚಗಿತ್ತು. ಗಂಗವ್ವನ ಮಡ್ಲು ಅಲ್ವಾ" ಎನ್ನುತ್ತಿದ್ದ ಪುಟ್ಟಸಿದ್ದಯ್ಯ.

ಶುದ್ಧ ಸುಳ್ಳು. ಹೊಳೆಯ ತಳದಲ್ಲಿ ನಡುಬೇಸಿಗೆಯಲ್ಲೂ ಮೂಳೆ ಕೊರೆಯುವ ಚಳಿ. ಮನೆಗೆ ಬಂದು ಒಲೆಯ ಮುಂದೆ ಗಡಗಡ ನಡುಗುತ್ತ ಕೂರುತ್ತಿದ್ದವನಿಗೆ ಹೆಂಡತಿ ದೊಡ್ಡಬಸಮ್ಮ ಬಿಸಿ ಬಿಸಿ ಹುರುಳಿ ಕಟ್ಟು ಕುಡಿಸುತ್ತಿದ್ದಳು. ತಮ್ಮ ಮಹದೇವು ಬೆನ್ನುಜ್ಜುತ್ತಿದ್ದ. ತಮ್ಮನ ಹೆಂಡತಿ ವಸಂತಮ್ಮ ಒಲೆಗೆ ಸೌದೆ ತುಂಬುತ್ತಿದ್ದಳು. ಹೊರಗೆ ಅವನು ಏನು ಹೇಳಿ ಬರುತ್ತಾನೆ, ಒಳಗೆ ಹೇಗೆ ನಡುಗುತ್ತಾನೆ ಎನ್ನುವುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನೀರಿಗಿಳಿಯುವುದಕ್ಕೆ ಅವನದೊಂದು ಕ್ರಮವಿತ್ತು, ಅಪ್ಪನಿಂದ ಬಂದದ್ದು. ಕಾಲಿನ ಮೆಟ್ಟನ್ನು ಮೇಲೆ ಹೊಂಗೆ ಮರದ ಬುಡದಲ್ಲೇ ಬಿಡಬೇಕು. ಕಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು ಬಲಗಾಲಿನ ಹಿಮ್ಮಡಿಯನ್ನು ಮರಳಿಗೊತ್ತಿ ಗಂಗವ್ವನ ಅಪ್ಪಣೆ ಕೇಳಬೇಕು. ಹಿಮ್ಮಡಿಯ ಕೆಳಗಿನ ಮರಳು ಮೆಲ್ಲಗೆ ಜಾರಿದರೆ ಅಪ್ಪಣೆಯಾಯಿತು. ಒಮ್ಮೆಗೇ ಕುಸಿದರೆ ಅವತ್ತು ಇಳಿಯುವ ಹಾಗಿಲ್ಲ. ಇದನ್ನು ಕೇಳಿ ಯಾರೂ ಮೂಗು ಮುರಿಯಬೇಕಾಗಿಲ್ಲ. ಒಳಸೆಳವು ಎತ್ತ ಎಳೆಯುತ್ತಿದೆ, ಎಷ್ಟು ಎಳೆಯುತ್ತಿದೆ ಎನ್ನುವುದು ಅವನಿಗೆ ಹಿಮ್ಮಡಿಯಿಂದಲೇ ತಿಳಿಯುತ್ತಿತ್ತು. ಹಿಮ್ಮಡಿ ಮುಚ್ಚಿಕೊಂಡು ಇಳಿದವನನ್ನು ಗಂಗವ್ವ ಗುರುತು ಹಿಡಿಯುವುದಿಲ್ಲ ಎಂದು ಅಪ್ಪ ಹೇಳಿದ್ದ. ಆ ಮಾತು ಅವನ ರಕ್ತದಲ್ಲಿ ಬೆರೆತುಹೋಗಿತ್ತು.

ಅರವತ್ತಮೂರನೇ ಇಸವಿ. ಮುಂಗಾರು ಇನ್ನೇನು ಬರಬೇಕು. ಒಂದು ಬೆಳಗ್ಗೆ ಮಹದೇವು, ಹರಿಗೋಲು ಗೂಟದಿಂದ ಬಿಚ್ಚಿಕೊಂಡಿದೆ, ಹಿಡಿದುತರುತ್ತೇನೆ ಎಂದು ಹೊಳೆಗೆ ಹೋದ. ತಿರುಗಿ ಬರಲಿಲ್ಲ. ಹರಿಗೋಲು ಆನೆಮಡುವಿನ ಕೆಳಗೆ ಬೋರಲಾಗಿ ಸಿಕ್ಕಿತು. ಆನೆಮಡುವೆಂದರೆ ಹೊಳೆ ಸುತ್ತು ಹಾಕಿ ಆಳವಾಗಿ ನಿಲ್ಲುವ ಜಾಗ. ಅದರ ತಳದಲ್ಲಿ ಒಂದು ದೊಡ್ಡ ಬಂಡೆ, ಬಂಡೆಯಡಿಯಲ್ಲಿ ಗವಿಯಂಥ ಪೊಟರೆ. ಪುಟ್ಟಸಿದ್ದಯ್ಯ ಅವತ್ತೇ ಇಳಿದ, ಮಾರನೆಯ ದಿನವೂ ಇಳಿದ. ಒಂದೇ ಒಂದು ಸಲ ಪೊಟರೆಯ ಬಾಯಲ್ಲಿ ಬೆರಳ ತುದಿಗೆ ಬಟ್ಟೆ ತಾಕಿತು. ಹಿಡಿಯುವಷ್ಟರಲ್ಲಿ ಸೆಳವು ಅವನನ್ನು ಎತ್ತಿ ಆಚೆಗೆಸೆಯಿತು. ಹತ್ತು ವರ್ಷದ ಹಿಂದಾಗಿದ್ದರೆ ಆ ಸೆಳವಿಗೆ ಎದೆಕೊಟ್ಟು ಒಳಗೆ ನುಗ್ಗುತ್ತಿದ್ದ. ಈಗ ಐವತ್ತರ ಮೈ. ಮೇಲೆ ಬಂದಾಗ ಕಿವಿಯೊಳಗೆ ಗುಂಯ್‌ಗುಡುತ್ತಿತ್ತು, ಮೂಗಿನಲ್ಲಿ ರಕ್ತ.

"ಅವ್ನೆ ಅಲ್ಲಿ. ಮುಟ್ದೆ" ಎಂದ, ಹಗ್ಗ ಹಿಡಿದು ಹರಿಗೋಲಿನಲ್ಲಿ ಕೂತಿದ್ದ ಮಾದಸ್ವಾಮಿಗೆ. ಮಾದಸ್ವಾಮಿ ಅವನ ಜೊತೆಯವನು, ಬಲೆಗೂ ಹರಿಗೋಲಿಗೂ ಹೆಗಲು ಕೊಡುವವನು. ಅವನು ಉದ್ದನೆಯ ಬಿದಿರಿಗೆ ಕೊಕ್ಕೆ ಕಟ್ಟಿ ಎಷ್ಟು ತಡಕಾಡಿದರೂ ಬಂಡೆಯ ಪಾಚಿ ಬಂತೇ ಹೊರತು ಮತ್ತೇನೂ ಬರಲಿಲ್ಲ.

ಅಷ್ಟರಲ್ಲಿ ಊರಿನ ಬಾಯಿ ಬಿಚ್ಚಿಕೊಂಡಿತು. ಮಹದೇವು ಮುಳುಗಿದ್ದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲವಲ್ಲ, ಅಷ್ಟು ಸಾಕಾಯಿತು. ಬಸ್ಸು ನಿಲ್ಲುವ ಕಡೆ ಟೀ ಅಂಗಡಿಯಲ್ಲಿ ಕೂತವನೊಬ್ಬ, ಅವನು ಮುಳುಗಿಲ್ಲ ಕಣ್ಲಾ, ಹೆಂಡತಿ ಕಾಟ ತಾಳಲಾರದೆ ಬೆಟ್ಟ ದಾಟಿ ಮೇಟೂರಿಗೆ ಹೋಗಿದ್ದಾನೆ ಎಂದ. ಇನ್ನೊಬ್ಬ, ಅಲ್ಲಿ ಒಬ್ಬಳನ್ನು ಇಟ್ಟುಕೊಂಡಿದ್ದಾನಂತೆ ಎಂದ. ಸಂಜೆಯ ಹೊತ್ತಿಗೆ ಆ ಇಲ್ಲದ ಹೆಂಗಸಿಗೆ ಮೈಬಣ್ಣವೂ ಬಂತು, ಮೂಗುತಿಯೂ ಬಂತು. ಕೂಡಿಟ್ಟ ಕೂಳು ತಿಂದು ಕೆಲಸವಿಲ್ಲದ ನಾಲಿಗೆಗಳು!

ವಸಂತಮ್ಮನ ಕಿವಿಗೆ ಅದು ಬೀಳದೆ ಇದ್ದೀತೇ? ಅವಳು ಕೊಳ್ಳೇಗಾಲದ ಹುಡುಗಿ. ಮದುವೆಗೆ ಮುಂಚೆ ನೇಯ್ಗೆಯವರ ಮನೆಗಳಲ್ಲಿ ರೇಷ್ಮೆ ನೂಲು ಸುತ್ತುತ್ತಿದ್ದವಳು. ಮಾತು ಕಮ್ಮಿ, ಬಾವನೊಂದಿಗಂತೂ ಇಲ್ಲವೇ ಇಲ್ಲ. ಏನು ಹೇಳುವುದಿದ್ದರೂ ಓರಗಿತ್ತಿ ದೊಡ್ಡಬಸಮ್ಮನ ಮೂಲಕ. ಅವತ್ತು ಮಾತ್ರ ನೆಟ್ಟಗೆ ಬಂದು ಪುಟ್ಟಸಿದ್ದಯ್ಯನ ಮುಂದೆ ನಿಂತಳು. ಕೈತುಂಬ ಬಳೆ ಹಾಗೇ ಇತ್ತು.

"ಬಾವ, ಊರೋರ ಮನೆ ಹೆಣ ಎಲ್ಲಾನೂ ತಂದುಕೊಟ್ರಿ. ನಮ್ಮನೇದ ತಂದುಕೊಡಿ. ಅವ್ರು ನನ್ನ ಬುಟ್ಟು ಓಡೋಗಿಲ್ಲ ಅಂತ ಈ ಜನ ಕಣ್ಣಲ್ಲಿ ನೋಡ್ಲಿ. ಅಲ್ಲೀಗಂಟ ನಾನು ಬಳೆ ಒಡೆಯಾಕಿಲ್ಲ."

"ತತ್ತೀನಿ ಕಣವ್ವ" ಎಂದ ಪುಟ್ಟಸಿದ್ದಯ್ಯ. ಬೇರೇನು ಹೇಳಿಯಾನು.

ಮಾರನೆಯ ಬೆಳಗ್ಗೆ ನರಸೀಪುರದ ಕಡೆಯಿಂದ ಬಂದವರು ಮೇಲೆ ಕಾವೇರಿಗೆ ಕೂಡುವ ಕಪಿಲೆಗೆ ಮಳೆಯ ಹೊಸನೀರು ಬರುತ್ತಿದೆ ಎಂಬ ಸುದ್ದಿ ತಂದರು. ಕೆಂಪು ನೀರು ಬಂತೆಂದರೆ ಬಂಡೆಯಡಿ ಇರುವುದನ್ನೆಲ್ಲ ಬಾಚಿಕೊಂಡು ಭರಚುಕ್ಕಿಯ ಕಡೆಗೆ ಹೋಗುತ್ತದೆ. ಆ ಜಲಪಾತದಿಂದ ಬಿದ್ದದ್ದನ್ನು ಮನುಷ್ಯರ ರೂಪದಲ್ಲಿ ತಂದುಕೊಟ್ಟವರು ಯಾರೂ ಇಲ್ಲ. ನೀರು ಇಲ್ಲಿಗೆ ಬರುವುದು ಇವತ್ತಲ್ಲ ನಾಳೆ. ಅಷ್ಟರೊಳಗೆ ಮಹದೇವು ಮೇಲೆ ಬರಬೇಕು.

ಆಗ ಅವನಿಗೆ ಯಳಂದೂರಿನ ಗೋವಿಂದಯ್ಯ ನೆನಪಾದ. ಗೋವಿಂದಯ್ಯ ಕೊಚ್ಚಿಯಲ್ಲಿ ನೇವಿಯ ಮುಳುಗುಗಾರನಾಗಿದ್ದವನು. ಕಿವಿಯ ತಮಟೆ ಒಡೆದು ಊರಿಗೆ ಬಂದು ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ. ಒಮ್ಮೆ ಹೊಳೆ ನೋಡಲು ಬಂದವನು, ಸಮುದ್ರದಲ್ಲಿ ಕಾಲಿಗೆ ರಬ್ಬರ್ ಪಾದ ಹಾಕಿಕೊಂಡು ಸೆಳವಿಗೆ ಎದುರು ಹೋಗುತ್ತೇವೆ ಎಂದಿದ್ದ. ಅವತ್ತು ಎಲ್ಲರ ಜೊತೆ ಪುಟ್ಟಸಿದ್ದಯ್ಯನೂ ನಕ್ಕಿದ್ದ. ಈಗ ಸಿಕ್ಕಿದ ಬಸ್ಸಿಗೆ ಹತ್ತಿ, ಕೊಳ್ಳೇಗಾಲದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು, ಗಿರಣಿಯ ಮುಂದೆ ಹೋಗಿ ನಿಂತ.

ಗೋವಿಂದಯ್ಯ ಪಟ್ಟೆ ಬಿಚ್ಚಿ ಗಿರಣಿ ನಿಲ್ಲಿಸಿ ಎಲ್ಲವನ್ನೂ ಕೇಳಿದ. ಒಳಗಿನಿಂದ ಟ್ರಂಕು ತಂದು ತೆರೆದ. ರಬ್ಬರು ಅಂಟಿಕೊಳ್ಳದ ಹಾಗೆ ಮುಖದ ಪೌಡರು ಬಳಿದು ಗೋಣಿಯಲ್ಲಿ ಸುತ್ತಿಟ್ಟ ಎರಡು ಜೊತೆ ರಬ್ಬರ್ ಪಾದಗಳು ಹೊರಬಂದವು. ಒಂದು ಕಪ್ಪು, ಗಿಡ್ಡ, ಬೂಟಿನ ಹಾಗೆ ಹಿಮ್ಮಡಿಯೆಲ್ಲ ಮುಚ್ಚುವಂಥದ್ದು. ಇನ್ನೊಂದು ಹಸಿರು, ಉದ್ದ, ಹಿಂದೆ ಬರೀ ಒಂದು ಪಟ್ಟಿ. ಪಟ್ಟಿಯ ಕೆಳಗೆ ಹಿಮ್ಮಡಿ ಬರಿದಾಗಿಯೇ ಇರುತ್ತದೆ.

"ಇವಕ್ಕೆ ನೇವೀಲಿ ಫಿನ್ನು ಅಂತಾರೆ. ಕಾಲು ನೀಡಿ" ಎಂದು ಗೋವಿಂದಯ್ಯ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ. ಮೆಟ್ಟು ಕಂಡದ್ದೇ ಅಪರೂಪವಾದ ಕಾಲು ಅದು. ಬೆರಳು ಒಂದೊಂದೂ ಒಂದೊಂದು ದಿಕ್ಕು, ಪಾದ ಮೊರದಗಲ. ಕಪ್ಪು ಪಾದದೊಳಗೆ ಸೋಪಿನ ನೀರು ಸವರಿ ತಳ್ಳಿದ ಮೇಲೆ ಬಿಗಿಯಾಗಿ ಕೂತಿತು. ಹಸಿರಿನದ್ದು ಸಲೀಸಾಗಿ ಹೋಯಿತು. ಸಲೀಸಾಗಿ ಅಂದರೆ, ಒಳಗೆ ಇನ್ನೂ ಜಾಗ ಉಳಿಯಿತು.

"ಕಪ್ಪುದನ್ನ ತಗಂಡೋಗಿ ಪುಟ್ಟಸಿದ್ದಯ್ಯ" ಎಂದ ಗೋವಿಂದಯ್ಯ. "ಉದ್ದ ಇದ್ರೆ ಜೋರು ಅಂತ ಅನ್ಕೋಬೇಡಿ. ಬಂಡೆ ಸಂದೀಲಿ ಗಿಡ್ಡದ್ದೇ ವಾಸಿ. ಎಲ್ಲಕ್ಕಿಂತ ಮುಖ್ಯ, ಒಳಗೆ ಕಾಲು ಅಲ್ಲಾಡಬಾರ್ದು. ಅಲ್ಲಾಡಿದ್ರೆ ಒದ್ದ ಒದೆಯೆಲ್ಲ ದಂಡ. ಈ ಹಸಿರುದು ಕ್ಯಾನ್ವಾಸ್ ಬೂಟಿನ ಮೇಲೆ ಹಾಕೋಕೆ ಅಂತ ಮಾಡಿರೋದು. ಬರಿಗಾಲಿಗೆ ಹಾಕಂಡ್ರೆ ಕಳಚಿಕೊಳ್ತದೆ."

ಪುಟ್ಟಸಿದ್ದಯ್ಯ ಕಪ್ಪು ಪಾದದೊಳಗಿದ್ದ ತನ್ನ ಕಾಲನ್ನು ನೋಡಿದ. ಹಿಮ್ಮಡಿ ಕಾಣಲಿಲ್ಲ. ನೆಲಕ್ಕೊತ್ತಿದ. ನೆಲ ತಣ್ಣಗಿದೆಯೋ ಬಿಸಿಯಿದೆಯೋ ತಿಳಿಯಲಿಲ್ಲ. ಕಾಲನ್ನು ಯಾರೋ ಕಡಿದು ಬೇರೆ ಇಟ್ಟ ಹಾಗಾಯಿತು.

"ಬ್ಯಾಡ ಸಾ" ಎಂದ. "ಇದ ಆಕಂಡ್ರೆ ನಂಗೆ ಸೆಳವು ತಿಳಿಯಾಕಿಲ್ಲ. ಗಂಗವ್ವಂಗೆ ನಾನೂ ತಿಳಿಯಾಕಿಲ್ಲ. ಅಸುರುದೇ ಕೊಡಿ. ಪಟ್ಟೀನ ಬಟ್ಟೆ ಸುತ್ತಿ ಬಿಗಿ ಮಾಡ್ಕತೀನಿ."

"ಹಾಗಾದ್ರೆ ಎರಡೂ ತಗಂಡೋಗಿ. ಒಂದಾಗಲಿಲ್ಲ ಅಂದ್ರೆ ಇನ್ನೊಂದು."

ಇಲ್ಲೇ ನೋಡಿ ಅವನು ಎಡವಿದ್ದು. ಬೇರೆ ಯಾರೇ ಆಗಿದ್ದರೂ ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಪುಟ್ಟಸಿದ್ದಯ್ಯ ಕಪ್ಪು ಜೋಡಿಯನ್ನು ತನ್ನ ಕೈಯಾರೆ ಟ್ರಂಕಿಗೆ ಹಾಕಿ ಕಣ್ಣೊರೆಸಿಕೊಂಡ.

"ಬ್ಯಾಡಿ ಸಾ. ಎಲ್ಡೂ ಕೈಲಿದ್ರೆ ಮನಸು ತಡೆಯಾಕಿಲ್ಲ. ತಮ್ಮನ ಆಸೇಲಿ ಇದ್ನೂ ಆಕಂಬುಡ್ತೀನಿ. ಆಮೇಲೆ ಆ ತಾಯಿ ನಮ್ಮ ಕುಲಕ್ಕೇ ಏನೂ ಕೊಡಾಕಿಲ್ಲ."

ಗೋವಿಂದಯ್ಯ ಮತ್ತೆ ಒತ್ತಾಯಿಸಲಿಲ್ಲ. ಅಳುವ ಗಂಡಸಿನೊಂದಿಗೆ ವಾದ ಮಾಡುವುದು ಅವನಿಗೆ ಬಾರದು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಪುಟ್ಟಸಿದ್ದಯ್ಯ ಆನೆಮಡುವಿನ ದಡದಲ್ಲಿದ್ದ. ಊರೇ ಬಂದು ನೆರೆದಿತ್ತು. ಟೀ ಅಂಗಡಿಯವರೂ ಬಂದಿದ್ದರು, ಬರದೆ ಇರುತ್ತಾರೆಯೇ. ಹಸಿರು ಪಾದಗಳನ್ನು ಕಂಡು ಹಿಂದೆ ಯಾರೋ, ಬಾತುಕೋಳಿ ಎಂದು ಕಿಸಕ್ಕೆಂದರು. ವಸಂತಮ್ಮ ಹೊಂಗೆ ಮರದ ಕೆಳಗೆ ಒಬ್ಬಳೇ ನಿಂತಿದ್ದಳು. ಪುಟ್ಟಸಿದ್ದಯ್ಯ ವೀಳ್ಯದೆಲೆ, ಅರಿಶಿನ ಕುಂಕುಮ ನೀರಿಗೆ ಬಿಟ್ಟು, ಹಿಮ್ಮಡಿಯನ್ನು ಮರಳಿಗೊತ್ತಿದ. ಮರಳು ಮೆಲ್ಲಗೆ ಜಾರಿತು. ಅಪ್ಪಣೆಯಾಯಿತು! ಅವನ ಎದೆಯ ಭಾರ ಅರ್ಧ ಇಳಿಯಿತು. ಬೆರಳುಗಳನ್ನು ಹಸಿರು ಪಾದಕ್ಕೆ ತೂರಿಸಿ, ಪಟ್ಟಿಯ ಮೇಲೆ ಹಳೆಯ ಸೀರೆಯ ಚೂರು ಸುತ್ತಿ ಬಿಗಿದ. ಸೊಂಟಕ್ಕೆ ಹಗ್ಗ. ಹಗ್ಗದ ತುದಿ ಮಾದಸ್ವಾಮಿಯ ಕೈಯಲ್ಲಿ.

ನೀರಿನೊಳಗೆ ಒಂದು ಒದೆ ಒದ್ದ. ಅಬ್ಬ ಅನ್ನಿಸಿತು. ಮೂವತ್ತು ವರ್ಷ ಯಾವ ಸೆಳವಿನ ಜೊತೆ ಗುದ್ದಾಡಿದ್ದನೋ ಅದು ಎರಡು ಕಡೆಗೂ ಸೀಳಿ ದಾರಿ ಬಿಟ್ಟಿತು. ಹೊಸನೀರಿನ ಮುನ್ಸೂಚನೆಯ ಹಾಗೆ ಹೊಳೆ ಆಗಲೇ ಕದಡಿತ್ತು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಬಂಡೆ ಕೈಗೆ ಸಿಕ್ಕಿತು. ಪೊಟರೆಯ ಬಾಯಿ ಸಿಕ್ಕಿತು. ತಲೆ ತಗ್ಗಿಸಿ ಒಳಗೆ ನುಗ್ಗಿದ. ಮಹದೇವು ಅಲ್ಲಿದ್ದ.

ಮೊದಲು ಭುಜ ಸಿಕ್ಕಿತು, ಆಮೇಲೆ ಸೊಂಟ. ಚಿಕ್ಕವನಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಈ ಹೊಳೆಯಲ್ಲೇ ಈಜು ಕಲಿಸಿದ ಮೈ. ಸೊಂಟದ ಉಡಿದಾರಕ್ಕೆ ಬೆರಳು ಸಿಕ್ಕಿಸಿ, ಕಾಲನ್ನು ಬಂಡೆಗೆ ಕೊಟ್ಟು ಎಳೆದ. ಮೈ ಸ್ವಲ್ಪ ಸಡಿಲವಾಯಿತು. ಬಾ ನನ್ನಪ್ಪ, ಬಾ, ನಿನ್ನ ಹೆಂಡ್ತಿ ಕಾಯ್ತಾವ್ಳೆ ಎಂದು ಮನಸ್ಸಿನಲ್ಲೇ ಅನ್ನುತ್ತ ಇನ್ನೊಮ್ಮೆ ಎಳೆದ. ಅರ್ಧ ಮೈ ಹೊರಗೆ ಬಂತು. ಇನ್ನೊಂದೇ ಒದೆ ಬೇಕಾಗಿತ್ತು. ಇದ್ದಬದ್ದ ಶಕ್ತಿಯನ್ನೆಲ್ಲ ಬಲಗಾಲಿಗೆ ತಂದು ಒದ್ದ.

ಬಟ್ಟೆ ಜಾರಿತು. ಪಟ್ಟಿ ಹಿಮ್ಮಡಿಯಿಂದ ಕಳಚಿಕೊಂಡಿತು. ಬಲಗಾಲು ಒಮ್ಮೆಗೇ ಬರಿದಾಗಿ, ಒಂದೇ ಕಾಲಿನ ಬಲಕ್ಕೆ ಮೈ ಗರ್ರನೆ ಅಡ್ಡ ತಿರುಗಿತು. ಸೆಳವು ಅದಕ್ಕೇ ಕಾದಿದ್ದಂತೆ ಎತ್ತಿ ಬೀಸಿತು. ಉಡಿದಾರವನ್ನು ಬಿಡಲಿಲ್ಲ ಅವನು. ಉಡಿದಾರವೇ ತುಂಡಾಗಿ ಕೈಗೆ ಬಂತು.

ಮಾದಸ್ವಾಮಿ ಹಗ್ಗ ಎಳೆದು ಹಾಕಿಕೊಂಡಾಗ ಅವನಿಗೆ ಅರೆಪ್ರಜ್ಞೆ. ಎಚ್ಚರ ಬಂದ ಕೂಡಲೇ ಒಂದೇ ಪಾದ ಹಾಕಿಕೊಂಡು ಮತ್ತೆ ಇಳಿದ. ಕುಂಟೆತ್ತಿನ ಹಾಗೆ ಸುತ್ತು ಹೊಡೆದನೇ ಹೊರತು ಬಂಡೆಯ ಹತ್ತಿರ ಹೋಗಲಾಗಲಿಲ್ಲ. ಅದನ್ನೂ ಕಿತ್ತೆಸೆದು ಬರಿಗಾಲಲ್ಲಿ ಇಳಿದ. ಆಗಲಿಲ್ಲ. ಮೂಗು, ಕಿವಿ ಎರಡರಲ್ಲೂ ರಕ್ತ ಬಂದ ಮೇಲೆ ಮಾದಸ್ವಾಮಿ ಅವನನ್ನು ಹಗ್ಗದಲ್ಲಿ ಹರಿಗೋಲಿಗೇ ಕಟ್ಟಿಹಾಕಿದ.

"ಲೇ ಮಾದಸ್ವಾಮಿ, ಯಳಂದೂರ್ಗೆ ಓಗ್ಲಾ. ಕರೀದ ತಕಂಬಾ. ನಿನ್ನ ಕಾಲಿಗೆ ಬೀಳ್ತೀನಿ ಓಗ್ಲಾ" ಎಂದು ಪುಟ್ಟಸಿದ್ದಯ್ಯ ಕೂತಲ್ಲೇ ಕೈಮುಗಿದ. ಗಂಗವ್ವ, ಕುಲ, ಅಪ್ಪನ ಮಾತು ಒಂದೂ ಆಗ ಅವನ ಬಾಯಲ್ಲಿ ಬರಲಿಲ್ಲ.

ಕೊನೆಯ ಬಸ್ಸು ಹೋಗಿಯಾಗಿತ್ತು. ಮಾದಸ್ವಾಮಿ ಯಾರದೋ ಸೈಕಲ್ಲು ತೆಗೆದುಕೊಂಡು ಹೋದ. ಮಾರನೆಯ ಬೆಳಗ್ಗೆ ಕಪ್ಪು ಜೋಡಿಯನ್ನು ಹ್ಯಾಂಡಲಿಗೆ ನೇತುಹಾಕಿಕೊಂಡು ಬೆವರು ಸುರಿಸುತ್ತ ಬಂದು ನೋಡಿದರೆ, ಹೊಳೆ ದಡದಿಂದ ದಡಕ್ಕೆ ಕೆಂಪಗೆ ಉಕ್ಕಿ ಹರಿಯುತ್ತಿತ್ತು. ಆನೆಮಡು ಎಲ್ಲಿತ್ತು ಎಂದು ಕೂಡ ಗುರುತು ಸಿಗುತ್ತಿರಲಿಲ್ಲ. ಪುಟ್ಟಸಿದ್ದಯ್ಯ ಹೊಂಗೆ ಮರದ ಬುಡದಲ್ಲಿ ಕೂತಿದ್ದ, ಮುಷ್ಟಿ ಬಿಗಿದುಕೊಂಡು.

ಮುಷ್ಟಿಯಲ್ಲಿದ್ದುದು ಕರಿನೂಲಿನ ಉಡಿದಾರ. ಅದರ ಜೊತೆಗೆ ಹೊಸೆದ ಒಂದು ಎಳೆ ಕೆಂಪು ರೇಷ್ಮೆ. ಅದನ್ನು ಹೊಸೆದವಳು ವಸಂತಮ್ಮ. ಗಂಡಸಿನ ಉಡಿದಾರ ಕಳಚುವುದು ಅವನು ಸತ್ತ ಮೇಲೇ. ಅದನ್ನು ಕೈಗೆ ಕೊಟ್ಟರೆ ಅವಳ ಬಳೆ ಹೋಯಿತು. ಕೊಡದಿದ್ದರೆ ಓಡಿಹೋದವನ ಹೆಂಡತಿ ಎಂಬ ಮಾತು ಸಾಯುವ ತನಕ ಬೆನ್ನು ಬಿಡದು. ಹೊಳೆಗೆ ಎಸೆದುಬಿಡಲೇ ಎಂದು ಎಷ್ಟು ಸಲ ಕೈ ಎತ್ತಿದನೋ. ಎಸೆಯಲು ಮನಸ್ಸು ಬರಲಿಲ್ಲ. ತಮ್ಮನ ಮೈಯದೆಂದು ಉಳಿದಿದ್ದುದು ಅದೊಂದೇ.

ವಸಂತಮ್ಮನೇ ಬಂದು ಅವನ ಮುಂದೆ ಕೂತು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅದನ್ನು ತೆಗೆದುಕೊಂಡಳು. ಕೆಂಪು ಎಳೆಯನ್ನು ನೋಡಿದಳು. ಮಾದಸ್ವಾಮಿಯ ಕೈಯಲ್ಲಿದ್ದ ಕಪ್ಪು ಪಾದಗಳನ್ನೂ ನೋಡಿದಳು.

"ಇವು ನೆನ್ನೇನೇ ಸಿಕ್ಕಿದ್ವಾ, ಬಾವ?"

ಪುಟ್ಟಸಿದ್ದಯ್ಯ ಮುಚ್ಚಿಡಲಿಲ್ಲ. ಸಿಕ್ಕಿದ್ದವು, ನಾನೇ ಬಿಟ್ಟುಬಂದೆ, ಹಿಮ್ಮಡಿ ಮುಚ್ಚುತ್ತದೆ ಎಂದು ಬಿಟ್ಟುಬಂದೆ ಎಂದ. ಬೈಯಲಿ, ಮುಖಕ್ಕೆ ಉಗಿಯಲಿ ಎಂದು ಕಾದ. ಅವಳು ದನಿಯನ್ನೂ ಏರಿಸಲಿಲ್ಲ.

"ಮುಚ್ಕಂಡಿದ್ರೆ ಗಂಗವ್ವ ಏನು ಮಾಡ್ತಿದ್ಲು ಬಾವ? ಇದ್ದೊಬ್ಬನ್ನೂ ತಕಂಡಾಗಿತ್ತಲ್ಲ. ಇನ್ನೇನು ಕಿತ್ಕತಿದ್ಲು?"

ಅವತ್ತು ಹೊಸ ಮಡಕೆಯಲ್ಲಿ ಉಡಿದಾರವಿಟ್ಟು, ಮನುಷ್ಯರನ್ನು ಮಣ್ಣು ಮಾಡುವಂತೆಯೇ ಮಣ್ಣು ಮಾಡಿದರು. ವಸಂತಮ್ಮ ಬಳೆ ಒಡೆದುಕೊಂಡಳು. ಟೀ ಅಂಗಡಿಯ ಬಾಯಿಗಳು ಮುಚ್ಚಿದವು. ಮುಚ್ಚಿಕೊಂಡು ಮಣ್ಣಿಗೂ ಬಂದವು. ಪುಟ್ಟಸಿದ್ದಯ್ಯ ಆ ವರ್ಷವೆಲ್ಲ ಹೊಳೆಗೆ ಬೆನ್ನು ಹಾಕಿ ಕೂತ. ಊಟಕ್ಕೆ ಕರೆದರೆ ಬರುತ್ತಿದ್ದ, ಕರೆಯದಿದ್ದರೆ ಇಲ್ಲ. ಉಂಡ ಅನ್ನ ಮೈಗೆ ಹತ್ತಲಿಲ್ಲ. ಕರೆ ಬಂದರೂ ಇಳಿಯಲಿಲ್ಲ. ಬಂದವರಿಗೆ ದೊಡ್ಡಬಸಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು, ಅವ್ರ ಕೈಲಾಗಾಕಿಲ್ಲ ಕಣಪ್ಪ ಎಂದು ಹೇಳಿ ಕಳಿಸುತ್ತಿದ್ದಳು.

ಮುಂದಿನ ಬೇಸಿಗೆಯಲ್ಲಿ ಹೊಳೆ ಬತ್ತಿ ತಿಳಿಯಾಯಿತು. ಒಂದು ದಿನ ಪುಟ್ಟಸಿದ್ದಯ್ಯ ಅಟ್ಟದ ಮೇಲಿದ್ದ ಕಪ್ಪು ಜೋಡಿಯನ್ನು ಇಳಿಸಿಕೊಂಡು ಎದ್ದ. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ವಸಂತಮ್ಮ ಒಂದು ಚೊಂಬಿನಲ್ಲಿ ಸೋಪಿನ ನೀರು ಹಿಡಿದು ಹಿಂದೆಯೇ ಬಂದಳು. ದಡದಲ್ಲಿ ಅವನು ಎಲೆ ಬಿಡಲಿಲ್ಲ, ಕುಂಕುಮ ಬಿಡಲಿಲ್ಲ, ಅಪ್ಪಣೆ ಕೇಳಲಿಲ್ಲ. ಅವಳು ನೀರು ಸುರಿದಳು, ಅವನು ಹಿಮ್ಮಡಿಯನ್ನು ಒಳಕ್ಕೆ ತಳ್ಳಿದ. ಮೈಯ ಚರ್ಮದಷ್ಟೇ ಬಿಗಿಯಾಗಿ ಕೂತವು.

ಒಂದೇ ಉಸಿರಿಗೆ ಬಂಡೆ ಮುಟ್ಟಿದ. ಅಷ್ಟು ಸುಲಭ! ಪೊಟರೆಯೊಳಗೆ ಪೂರ್ತಿ ಹೋಗಿ ಮೂಲೆ ಮೂಲೆ ತಡಕಾಡುವಷ್ಟು ಉಸಿರು ಮಿಕ್ಕಿತ್ತು. ಮರಳಿತ್ತು. ಮರಳಿನಲ್ಲಿ ಅರ್ಧ ಹೂತು, ಬಂಡೆಯ ಬಿರುಕಿಗೆ ಪಟ್ಟಿ ಸಿಕ್ಕಿಕೊಂಡು, ಆ ಹಸಿರು ಪಾದವಿತ್ತು. ಮಹದೇವು ಇರಲಿಲ್ಲ.

ಅದನ್ನೇ ಹಿಡಿದುಕೊಂಡು ಮೇಲೆ ಬಂದ. ದಡಕ್ಕೆ ಬಂದು ಕೂತವನ ಹಲ್ಲು ಕಟಕಟ ಅನ್ನುತ್ತಿತ್ತು. ವಸಂತಮ್ಮ ಅವನ ಕೈಯಲ್ಲಿದ್ದುದನ್ನು ನೋಡಿದಳು, ಬೇರೇನಾದರೂ ಇದೆಯೇ ಎಂದು ಇನ್ನೊಂದು ಕೈಯನ್ನೂ ನೋಡಿದಳು. ಆಮೇಲೆ ಬಾಗಿ ಅವನ ಕಾಲಿನಿಂದ ಕಪ್ಪು ಪಾದಗಳನ್ನು ಕಳಚಿದಳು. ಬೆಳ್ಳಗೆ ಸುಕ್ಕುಗಟ್ಟಿದ ಹಿಮ್ಮಡಿಗಳು ಮರಳಿನ ಮೇಲೆ ಬಿದ್ದವು.

"ಬಾವ" ಎಂದಳು. "ನಂಗೆ ಸುಳ್ಳು ಏಳ್ಬ್ಯಾಡಿ. ಕೆಳಗೆ ಚಳಿ ಅದಾ?"

ಬೆಚ್ಚಗಿದೆ ಎಂಬ ಮಾತು ಅಭ್ಯಾಸದಿಂದ ನಾಲಿಗೆಯ ತುದಿಗೆ ಬಂದಿತ್ತು. ಅವನು ಅದನ್ನು ನುಂಗಿಕೊಂಡ.

"ಅದೆ ಕಣವ್ವ" ಎಂದ. "ತುಂಬ ಚಳಿ ಅದೆ."